ಕೊಡಗಿನಲ್ಲಿ ಟ್ಯಾಕ್ಸಿ ಓಡಿಸುವವರಿಗೆ: ಫೋನ್ ಎತ್ತುವುದರಿಂದ ಗಾಡಿ ನಿಲ್ಲಿಸುವವರೆಗೆ

"ಅಣ್ಣ, ಹಳದಿ ಬೋರ್ಡ್ ಗಾಡಿ ತಗೊಂಡು ಆರು ತಿಂಗಳಾಯ್ತು. ಬಾಡಿಗೆ ಏನೋ ಬರ್ತಾ ಇದೆ, ಆದ್ರೆ ತಲೆಬಿಸಿ ತಡ್ಕೊಳಕ್ಕಾಗ್ತಿಲ್ಲ." ಮಡಿಕೇರಿಯ ಸ್ಟ್ಯಾಂಡಿನಲ್ಲಿ ಹೊಸ ಹುಡುಗರು ನನ್ನನ್ನು ಹೆಚ್ಚುಕಡಿಮೆ ಇದನ್ನೇ ಕೇಳುತ್ತಾರೆ. ಒಬ್ಬೊಬ್ಬರಿಗೂ ಚಹಾ ಕುಡಿಯುತ್ತಾ ಹೇಳಿ ಸಾಕಾಗಿ, ಒಂದು ಸಲ ಪೂರ್ತಿ ಬರೆದಿಡೋಣ ಎಂದು ಕೂತಿದ್ದೇನೆ.

ನಾನು ಕಂಡಂತೆ ಡ್ರೈವರ್‌ನ ತಲೆಬಿಸಿಯಲ್ಲಿ ಮುಕ್ಕಾಲು ಪಾಲು ಗಾಡಿ ಸ್ಟಾರ್ಟ್ ಮಾಡುವ ಮೊದಲೇ ಹುಟ್ಟಿರುತ್ತದೆ. ಬೇರೆ ಯಾರೋ ಹಾಕಿದ ಟೈಮಿಗೆ ನಾವು ಫೋನಿನಲ್ಲಿ "ಆಯ್ತು ಸಾರ್" ಎಂದುಬಿಟ್ಟಿರುತ್ತೇವೆ. ಆಮೇಲೆ ಆ ಟೈಮನ್ನು ಹಿಡಿಯಲು ಘಾಟಿಯಲ್ಲಿ ಓಡುತ್ತೇವೆ. ಹಾಗಾಗಿ ಈ ಲೇಖನದಲ್ಲಿ ಸ್ಟೀರಿಂಗ್‌ಗಿಂತ ಫೋನು, ಪೆನ್ನು, ನಿದ್ದೆಗಳ ಮಾತೇ ಜಾಸ್ತಿ.

ಹಂತ 1: ಕಾಗದ ಪತ್ರ ಒಂದೇ ಕಡೆ, ತಾರೀಕು ಗೋಡೆ ಮೇಲೆ

ಬೇಕಾದದ್ದು ಇಷ್ಟು: ಲೈಸೆನ್ಸ್, ಆರ್‌ಸಿ, ಪರ್ಮಿಟ್, ವಿಮೆ, ತೆರಿಗೆ ರಸೀದಿ, ಹೊಗೆ ತಪಾಸಣೆ ಪತ್ರ, ಎಫ್‌ಸಿ. ಎಫ್‌ಸಿ ಎಂದರೆ ಗಾಡಿ ಬಾಡಿಗೆ ಓಡಿಸಲು ಯೋಗ್ಯವಾಗಿದೆ ಎಂದು ಕೊಡುವ ಪ್ರಮಾಣಪತ್ರ. ಗಾಡಿಗೆ 8 ವರ್ಷ ಆಗುವವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ಮಾಡಿಸಬೇಕು. ಟ್ರಾನ್ಸ್‌ಪೋರ್ಟ್ ಲೈಸೆನ್ಸ್‌ಗೆ 5 ವರ್ಷದ ಆಯಸ್ಸು. ಇವುಗಳಲ್ಲಿ ಒಂದು ಮುಗಿದಿದ್ದರೂ ಅಪಘಾತದ ದಿನ ವಿಮಾ ಕಂಪನಿಯವರು ಮೊದಲು ಕೈ ಇಡುವುದು ಅಲ್ಲೇ. ಮುಗಿಯುವ ತಾರೀಕುಗಳನ್ನೆಲ್ಲ ಮನೆಯ ಕ್ಯಾಲೆಂಡರಿನಲ್ಲಿ ದಪ್ಪ ಪೆನ್ನಿನಲ್ಲಿ ಬರೆದಿಡಿ, ಒಂದು ತಿಂಗಳು ಮುಂಚಿನ ತಾರೀಕಿಗೆ. ಮೊಬೈಲ್ ಅಲಾರಂ ಅನ್ನು ಆಫ್ ಮಾಡಿ ಮರೆತುಬಿಡುತ್ತೇವೆ. ಗೋಡೆಯ ಮೇಲಿದ್ದರೆ ಹೆಂಡತಿಯಾದರೂ ನೆನಪಿಸುತ್ತಾಳೆ.

"ಬ್ಯಾಡ್ಜ್ ಇಲ್ಲದೆ ಲಘು ವಾಹನದ ಲೈಸೆನ್ಸ್‌ನಲ್ಲಿ ಟ್ಯಾಕ್ಸಿ ಓಡಿಸಿದರೆ ವಿಮೆ ಸಿಗುತ್ತಾ?" ಎಂದು ತುಂಬಾ ಜನ ಕೇಳುತ್ತಾರೆ. ಬ್ಯಾಡ್ಜ್ ಎಂದರೆ ಬಾಡಿಗೆ ಗಾಡಿ ಓಡಿಸಲು ಲೈಸೆನ್ಸ್‌ಗೆ ಸೇರಿಸುವ ಒಪ್ಪಿಗೆ. 7,500 ಕೆಜಿಗಿಂತ ಕಡಿಮೆ ತೂಕದ ಸಾರಿಗೆ ವಾಹನವನ್ನು ಲಘು ವಾಹನದ ಲೈಸೆನ್ಸ್ ಇದ್ದವರು ಓಡಿಸಬಹುದು ಎಂದು ಸುಪ್ರೀಂ ಕೋರ್ಟ್‌ನ ಸಂವಿಧಾನ ಪೀಠ 2024ರ ನವೆಂಬರ್‌ನಲ್ಲಿ ಹೇಳಿದೆ. ನಮ್ಮ ಕಾರು, ಜೀಪು ಎಲ್ಲ ಅದರೊಳಗೇ ಬರುತ್ತವೆ.

ಗಡಿ ದಾಟುವವರು ಇನ್ನೊಂದು ನೋಡಿಕೊಳ್ಳಬೇಕು. ವಿರಾಜಪೇಟೆಯಿಂದ ಮಾಕುಟ್ಟ ಇಳಿದು ಕೂಟುಪುಳ ಸೇತುವೆ ದಾಟಿದರೆ ಕೇರಳ. ಕುಟ್ಟ ದಾಟಿದರೆ ತೋಲ್ಪೆಟ್ಟಿ, ಕರಿಕೆ ದಾಟಿದರೆ ಪಾಣತ್ತೂರು, ಅವೂ ಕೇರಳವೇ. ಅಖಿಲ ಭಾರತ ಪ್ರವಾಸಿ ಪರ್ಮಿಟ್ ಇಲ್ಲದ, ಬರೀ ರಾಜ್ಯದೊಳಗಿನ ಪರ್ಮಿಟ್ ಇರುವ ಗಾಡಿಗೆ ಆ ಕಡೆಯ ತಾತ್ಕಾಲಿಕ ಪರ್ಮಿಟ್ ಮತ್ತು ತೆರಿಗೆಯನ್ನು ಪರಿವಾಹನ್ ಜಾಲತಾಣದಲ್ಲಿ ಮೊದಲೇ ಕಟ್ಟಿರಬೇಕು. ವಿಮಾನ ಹಿಡಿಯಬೇಕಾದವರನ್ನು ಕೂರಿಸಿಕೊಂಡು ಚೆಕ್‌ಪೋಸ್ಟ್‌ನಲ್ಲಿ ಮೊಬೈಲ್ ನೆಟ್‌ವರ್ಕ್ ಹುಡುಕುತ್ತಾ ನಿಲ್ಲುವುದಿದೆಯಲ್ಲ, ಆ ಸ್ಥಿತಿ ಯಾರಿಗೂ ಬೇಡ.

ಎಚ್ಚರಿಕೆ: ಸೀಸನ್‌ನಲ್ಲಿ ಗಾಡಿ ಸಾಲದು ಎಂದು ಭಾವನ ವೈಟ್ ಬೋರ್ಡ್ ಕಾರನ್ನು ಬಾಡಿಗೆಗೆ ಬಿಡುವವರಿದ್ದಾರೆ. ಏನಾದರೂ ಆದರೆ ವಿಮೆ ಕೈಕೊಡುತ್ತದೆ, ಭಾವನೂ ಕೈಬಿಡುತ್ತಾನೆ.

ಹಂತ 2: ಬಾಡಿಗೆ ಒಪ್ಪುವ ಮೊದಲು ಗಂಟೆ ಲೆಕ್ಕ ಹಾಕಿ

ಬಯಲುಸೀಮೆಯವರು ದೂರವನ್ನು ಕಿಲೋಮೀಟರಿನಲ್ಲಿ ಅಳೆಯುತ್ತಾರೆ. ನಮ್ಮಲ್ಲಿ ಅಳೆಯಬೇಕಾದದ್ದು ಗಂಟೆಯಲ್ಲಿ. ಮಡಿಕೇರಿಯಿಂದ ತಲಕಾವೇರಿ 48 ಕಿ.ಮೀ. ಹತ್ತಿರ. ಬೆಂಗಳೂರಿನವರು ಅದನ್ನು ಮುಕ್ಕಾಲು ಗಂಟೆ ಎಂದುಕೊಳ್ಳುತ್ತಾರೆ. ನೀವು ಒಂದೂವರೆ ಗಂಟೆ ಹಿಡಿಯಿರಿ. ಮಂಜು ಬಿದ್ದರೆ ಎರಡು.

ಎಲ್ಲರಿಗೂ ಬರುವ ಫೋನ್ ಇದು: "ಕುಶಾಲನಗರದಲ್ಲಿ ಇದ್ದೀವಿ, ಭಾನುವಾರ ಒಂದೇ ದಿನದಲ್ಲಿ ದುಬಾರೆ, ಗೋಲ್ಡನ್ ಟೆಂಪಲ್, ಅಬ್ಬಿ ಫಾಲ್ಸ್, ತಲಕಾವೇರಿ, ರಾಜಾಸೀಟ್ ತೋರಿಸ್ಬೇಕು." ಹೂಂ ಅನ್ನುವ ಮೊದಲು ಕಾಗದ ತೆಗೆದುಕೊಳ್ಳಿ. ಬೆಳಿಗ್ಗೆ 8.30ಕ್ಕೆ ಹೊರಟರೆ 9ಕ್ಕೆ ದುಬಾರೆ. ದೋಣಿಯ ಸಾಲು, ಆನೆ ಸ್ನಾನ, ಫೋಟೋ ಎಲ್ಲ ಸೇರಿ 11.15. ಅಲ್ಲಿಂದ ಮಡಿಕೇರಿಗೆ ಬಂದು ಊಟ ಮುಗಿಯುವಾಗ 1.30. ತಲಕಾವೇರಿಗೆ 3 ಗಂಟೆ. ಅಲ್ಲಿ ಒಂದು ಗಂಟೆ, ಇಳಿದು ಭಾಗಮಂಡಲದಲ್ಲಿ ಅರ್ಧ ಗಂಟೆ, 4.30. ವಾಪಸ್ ಮಡಿಕೇರಿಗೆ ಬರುವಾಗ 5.45. ಡಿಸೆಂಬರ್‌ನಲ್ಲಿ ರಾಜಾಸೀಟಿನಲ್ಲಿ ಸೂರ್ಯ ಮುಳುಗುವುದು ಆರು ದಾಟಿದ ಮೇಲೆ, ಅಂದರೆ ಸರಿಯಾಗಿ ಹೊಂದುತ್ತದೆ. ಆದರೆ ಅಬ್ಬಿಯೂ ಇಲ್ಲ, ಗೋಲ್ಡನ್ ಟೆಂಪಲ್ಲೂ ಇಲ್ಲ. ಭಾನುವಾರದ ಪಾರ್ಕಿಂಗ್ ಜಗ್ಗಾಟದಲ್ಲಿ ಅಬ್ಬಿ ಒಂದಕ್ಕೇ ಎರಡು ಗಂಟೆ ಬೇಕು.

ಈ ಪಟ್ಟಿಯನ್ನು ಹೀಗೇ ವಾಟ್ಸಾಪ್‌ನಲ್ಲಿ ಕಳಿಸಿಬಿಡಿ. "ಇದರಲ್ಲಿ ಯಾವುದು ಬೇಕು, ಯಾವುದು ಬಿಡ್ತೀರಿ, ನೀವೇ ಹೇಳಿ" ಎಂದು ಕೇಳಿ. ಹತ್ತರಲ್ಲಿ ಇಬ್ಬರು ಬೇರೆ ಡ್ರೈವರ್‌ನನ್ನು ಹುಡುಕಿಕೊಂಡು ಹೋಗುತ್ತಾರೆ. ಹೋಗಲಿ ಬಿಡಿ. ಉಳಿದ ಎಂಟು ಜನ ದಿನವಿಡೀ "ಬೇಗ, ಬೇಗ" ಎನ್ನುವುದಿಲ್ಲ. ಪಟ್ಟಿಯಲ್ಲಿ ಯಾವುದನ್ನು ಬಿಟ್ಟದ್ದು ಎಂದು ಅವರಿಗೇ ಗೊತ್ತಿರುತ್ತದೆ.

ಫೋನಿನಲ್ಲೇ ಕೇಳಬೇಕಾದ ಇನ್ನಷ್ಟು:

- ಎಷ್ಟು ಜನ, ಎಷ್ಟು ಲಗೇಜು, ಸಣ್ಣ ಮಕ್ಕಳಿದ್ದಾರಾ, ವಾಂತಿ ಬರುವವರಿದ್ದಾರಾ?
- ರಾತ್ರಿ ಉಳಿಯುವುದಾದರೆ ಡ್ರೈವರ್‌ಗೆ ಮಲಗುವ ಜಾಗ ಇದೆಯಾ? (ಇದರ ಬಗ್ಗೆ ಏಳನೇ ಹಂತದಲ್ಲಿ ಹೇಳುತ್ತೇನೆ.)
- ಮಾಂದಲಪಟ್ಟಿ ಇದೆಯಾ? ಇದ್ದರೆ ಕೊನೆಯ ಏರಿಗೆ ಜೀಪು ಬೇರೆ, ಅದರ ಬಾಡಿಗೆಯೂ ಬೇರೆ ಎಂದು ಆಗಲೇ ಹೇಳಿ. ಅಲ್ಲಿಗೆ ಹೋದ ಮೇಲೆ ಹೇಳಿದರೆ ನಿಮ್ಮನ್ನೇ ಕಳ್ಳ ಎಂದು ನೋಡುತ್ತಾರೆ.
- ನಾಗರಹೊಳೆ ಕಾಡಿನೊಳಗಿನ ದಾರಿಯಾ? ಸಂಜೆ 6ಕ್ಕೆ ಗೇಟು ಬೀಳುತ್ತದೆ, ಬೆಳಿಗ್ಗೆ 6ಕ್ಕೆ ತೆರೆಯುತ್ತದೆ. ಇರ್ಪು ಜಲಪಾತ ನೋಡಿ ಆ ದಾರಿಯಲ್ಲೇ ಮೈಸೂರಿಗೆ ಎಂದವರಿಗೆ ಇದು ಮೊದಲೇ ಗೊತ್ತಿರಬೇಕು.

ತಾರೀಕನ್ನೂ ನೋಡಿ. ತುಲಾ ಸಂಕ್ರಮಣದ ಹೊತ್ತಿಗೆ, ಅಂದರೆ ಅಕ್ಟೋಬರ್ 17ರ ಆಚೀಚೆ, ಭಾಗಮಂಡಲದ ದಾರಿ ನಿಮ್ಮ ಮಾತು ಕೇಳುವುದಿಲ್ಲ. ವಿಜಯದಶಮಿಯ ರಾತ್ರಿ ಮಡಿಕೇರಿಯಲ್ಲಿ ದಶಮಂಟಪಗಳು ಬೆಳಗಿನವರೆಗೂ ಬೀದಿಯಲ್ಲಿರುತ್ತವೆ. ಪೇಟೆಯೊಳಗಿನ ಹೋಟೆಲಿಗೆ ರಾತ್ರಿ ಹತ್ತಕ್ಕೆ ಡ್ರಾಪ್ ಒಪ್ಪಿಕೊಂಡರೆ ಲಗೇಜನ್ನು ತಲೆ ಮೇಲೆ ಹೊರಬೇಕಾದೀತು.

ಹಂತ 3: ಒಂದು ಕಿಲೋಮೀಟರಿಗೆ ನಿಮಗೆ ಬೀಳುವುದೆಷ್ಟು ಎಂದು ತಿಳಿದುಕೊಳ್ಳಿ

ಪಕ್ಕದವನು ಎಷ್ಟಕ್ಕೆ ಹೋಗುತ್ತಾನೋ ಅಷ್ಟಕ್ಕೇ ನಾವೂ ಹೋಗುತ್ತೇವೆ. ಅವನ ಗಾಡಿಯ ಸಾಲ ತೀರಿರಬಹುದು, ನಿಮ್ಮದು ತೀರಿಲ್ಲ.

ಲೆಕ್ಕ ಹೀಗೆ. ಅಂಕಿಗಳು ಉದಾಹರಣೆಗೆ ಮಾತ್ರ, ನಿಮ್ಮವನ್ನು ಹಾಕಿಕೊಳ್ಳಿ. ತಿಂಗಳ ಕಂತು 14,000. ವಿಮೆ, ತೆರಿಗೆ, ಎಫ್‌ಸಿಯ ವರ್ಷದ ಖರ್ಚನ್ನು ಹನ್ನೆರಡರಿಂದ ಭಾಗಿಸಿದರೆ 5,000. ಒಟ್ಟು 19,000. ಗಾಡಿ ಓಡಲಿ ಬಿಡಲಿ ಇದು ಹೋಗುವ ದುಡ್ಡು. ತಿಂಗಳಿಗೆ 3,000 ಕಿ.ಮೀ. ಓಡಿದರೆ ಕಿ.ಮೀ.ಗೆ 6 ರೂಪಾಯಿ 30 ಪೈಸೆ ಆಯಿತು. ಡೀಸೆಲ್ ಲೀಟರಿಗೆ 90 ರೂಪಾಯಿ, ಘಾಟಿಯಲ್ಲಿ ಲೀಟರಿಗೆ 16 ಕಿ.ಮೀ. ಎಂದು ಹಿಡಿದರೆ 5.60. ಟಯರು, ಸರ್ವೀಸು, ಬ್ರೇಕ್ ಪ್ಯಾಡಿಗೆ 1.70. ಸೇರಿಸಿದರೆ 13.60. ಇನ್ನೂ ನಿಮ್ಮ ಕೂಲಿ ಬಂದಿಲ್ಲ.

ಈಗ ಜುಲೈ ತಿಂಗಳು ನೋಡಿ. ಮಳೆ, ಪ್ರವಾಸಿಗರಿಲ್ಲ, ಓಡಿದ್ದು 1,200 ಕಿ.ಮೀ. ಅದೇ 19,000 ಈಗ ಕಿ.ಮೀ.ಗೆ 15.80 ಆಗುತ್ತದೆ. ಒಟ್ಟು 23 ರೂಪಾಯಿ ದಾಟಿತು. ಹೊಸಬರು ಮುಗ್ಗರಿಸುವುದು ಇಲ್ಲೇ. ಡಿಸೆಂಬರ್, ಮೇ ತಿಂಗಳಿನಲ್ಲಿ ಕೈಗೆ ಬಂದದ್ದನ್ನೆಲ್ಲ ಲಾಭ ಎಂದುಕೊಂಡು ಖರ್ಚು ಮಾಡುತ್ತಾರೆ, ಕಕ್ಕಡದಲ್ಲಿ, ಅಂದರೆ ಜೋರು ಮಳೆಯ ಆಟಿ ತಿಂಗಳಲ್ಲಿ, ಕಂತಿಗೆ ಸಾಲ ಕೇಳುತ್ತಾರೆ. ಸೀಸನ್ನಿನ ಆರೇಳು ತಿಂಗಳಲ್ಲಿ ಮಳೆಗಾಲದ ನಾಲ್ಕು ಕಂತನ್ನು ಬೇರೆ ಖಾತೆಗೆ ಹಾಕಿಡಿ, ಅದರ ಕಾರ್ಡನ್ನು ಮನೆಯಲ್ಲೇ ಬಿಡಿ.

ಇನ್ನೆರಡು ಮಾತು. ಖಾಲಿ ಓಟ, ಅಂದರೆ ಡ್ರಾಪ್ ಮುಗಿಸಿ ಬರಿಗೈಲಿ ವಾಪಸ್ ಬರುವುದು. ಮಡಿಕೇರಿಯಿಂದ ಕಣ್ಣೂರು ವಿಮಾನ ನಿಲ್ದಾಣ ಸುಮಾರು 90 ಕಿ.ಮೀ. ನಿಮ್ಮ ಗಾಡಿ ಓಡುವುದು 180. ದರ ಹೇಳುವಾಗ 180ಕ್ಕೇ ಹೇಳಿ. ಇನ್ನೊಂದು ಬಾಟಾ, ಅಂದರೆ ಡ್ರೈವರ್‌ನ ದಿನದ ಭತ್ಯೆ. ರಾತ್ರಿ ತಂಗುವ ಬಾಡಿಗೆಯಲ್ಲಿ ಅದು ಎಷ್ಟು, ಯಾವ ಗಂಟೆಯ ಮೇಲೆ ಇನ್ನೊಂದು ದಿನದ್ದು ಶುರು ಎಂಬುದೂ ಅದೇ ವಾಟ್ಸಾಪ್ ಸಂದೇಶದಲ್ಲಿರಲಿ. ಕೊನೆಯ ದಿನ ಗಾಡಿ ಬಾಗಿಲಲ್ಲಿ ನಿಂತು ಚೌಕಾಶಿ ಮಾಡುವಾಗ ಗೆಲ್ಲುವುದು ಅವರೇ, ಯಾಕೆಂದರೆ ನಿಮಗೆ ಮನೆಗೆ ಹೋಗುವ ಆತುರ.

ಹಂತ 4: ಬೆಳಿಗ್ಗೆ ಹತ್ತು ನಿಮಿಷ

ಟಯರ್ ಗಾಳಿ (ಸ್ಟೆಪ್ನಿಯದ್ದೂ), ಎಂಜಿನ್ ಆಯಿಲ್, ಕೂಲಂಟ್, ಬ್ರೇಕ್ ಆಯಿಲ್, ವೈಪರ್, ಎಲ್ಲ ಲೈಟು. ಬ್ರೇಕನ್ನು ಮನೆ ಅಂಗಳದಲ್ಲೇ ಒಮ್ಮೆ ಒತ್ತಿ ನೋಡಿ. ಪೆಡಲ್ ಸ್ಪಂಜಿನ ಹಾಗೆ ಒಳಗೆ ಹೋದರೆ ಆ ದಿನ ಗಾಡಿ ತೆಗೆಯಬೇಡಿ, ಬಾಡಿಗೆಯನ್ನು ಸ್ನೇಹಿತನಿಗೆ ಕೊಟ್ಟುಬಿಡಿ. ವೈಪರ್ ರಬ್ಬರನ್ನು ಮೇ ಕೊನೆಯಲ್ಲಿ ಕೇಳದೆ ಬದಲಿಸಿ, ಇನ್ನೂ ಚೆನ್ನಾಗಿದೆ ಅನ್ನಿಸಿದರೂ.

ಡಿಕ್ಕಿಯಲ್ಲಿ ಇರಬೇಕಾದ್ದು: ಟಾರ್ಚು, ಟೋ ಹಗ್ಗ, ಕತ್ತಿ (ಮರದ ಕೊಂಬೆ ಬಿದ್ದರೆ ಸವರಲು), ಪ್ರತಿಫಲಕ ತ್ರಿಕೋನ, ಎರಡು ಹಳೆ ಟವೆಲು, ಪ್ಲಾಸ್ಟಿಕ್ ಕವರು, ಒಂದು ಹಿಡಿ ಉಪ್ಪು. ಮಳೆಗಾಲದಲ್ಲಿ ಗಾಡಿ ನಿಲ್ಲಿಸಿ ಒಂದು ನಿಮಿಷ ಹೊರಗೆ ನಿಂತವರ ಕಾಲಿಗೂ ಜಿಗಣೆ ಹತ್ತುತ್ತದೆ, ಹತ್ತಿದಾಗ ಇಡೀ ಗಾಡಿ ಕಿರುಚುತ್ತದೆ. ಆ ಉಪ್ಪು ನಿಮ್ಮನ್ನು ಐದು ನಿಮಿಷ ದೇವರನ್ನಾಗಿ ಮಾಡುತ್ತದೆ.

ಭಾಗಮಂಡಲ, ಕರಿಕೆ, ಕುಟ್ಟ ಕಡೆ ಹೊರಡುವಾಗ ಎಣ್ಣೆಯನ್ನು ಪೇಟೆಯಲ್ಲೇ ತುಂಬಿಸಿ.

ಹಂತ 5: ಘಾಟಿ, ಮಂಜು, ಬರೆ, ಆನೆ

*ಇಳಿಜಾರು.* ಯಾವ ಗೇರಿನಲ್ಲಿ ಹತ್ತುತ್ತೀರೋ ಅದೇ ಗೇರಿನಲ್ಲಿ ಇಳಿಯಿರಿ. ಮಡಿಕೇರಿಯಿಂದ ಸಂಪಾಜೆಗೆ ಸುಮ್ಮನೆ ಇಳಿಜಾರೇ. ಪೂರ್ತಿ ಬ್ರೇಕ್ ಮೇಲೆ ಇಳಿದರೆ ಪ್ಯಾಡು ಕಾದು ಹಿಡಿತ ಬಿಡುತ್ತದೆ. ಪೆಡಲ್ ಒತ್ತಿದರೂ ಗಾಡಿ ನಿಲ್ಲದ ಈ ಸ್ಥಿತಿಗೆ ಬ್ರೇಕ್ ಫೇಡ್ ಎನ್ನುತ್ತಾರೆ. ಅದಕ್ಕೆ ಮುಂಚೆ ಸುಟ್ಟ ರಬ್ಬರಿನ ಹಾಗೆ ಒಂದು ಕಮಟು ವಾಸನೆ ಬರುತ್ತದೆ. ಮುಂದಿನ ಗಾಡಿಯದ್ದಿರಬಹುದು ಎಂದು ಸುಮ್ಮನಾಗಬೇಡಿ. ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ, ಅರ್ಧ ಗಂಟೆ ಆರಲು ಬಿಡಿ. ಚಕ್ರಕ್ಕೆ ನೀರು ಎರಚಬೇಡಿ, ಕಾದ ಡಿಸ್ಕ್ ಸೊಟ್ಟಗಾಗುತ್ತದೆ. ಆಟೋಮ್ಯಾಟಿಕ್ ಗಾಡಿಯವರು ಇಳಿಯುವಾಗ ಡಿ ಬಿಟ್ಟು ಎಲ್ ಅಥವಾ ಮ್ಯಾನುಯಲ್‌ನಲ್ಲಿ ಕೆಳಗಿನ ಗೇರಿಗೆ ಹಾಕಿ. ನ್ಯೂಟ್ರಲ್‌ನಲ್ಲಿ ಇಳಿಸಿ ಡೀಸೆಲ್ ಉಳಿಸುವ ಹಳೆಯ ಚಾಳಿ ಇವತ್ತಿಗೂ ಕೆಲವರಿಗಿದೆ. ಈಗಿನ ಎಂಜಿನ್‌ಗಳು ಗೇರಿನಲ್ಲಿ ಇಳಿಯುವಾಗ ಎಣ್ಣೆಯನ್ನೇ ಕುಡಿಯುವುದಿಲ್ಲ ಎಂದು ಅವರಿಗೆ ಯಾರಾದರೂ ಹೇಳಿ.

ಕಿರಿದಾದ ಏರಿನಲ್ಲಿ ಎದುರು ಬದುರಾದರೆ ಹತ್ತುವ ಗಾಡಿಗೆ ಮೊದಲು ದಾರಿ. ಇದು ಮರ್ಯಾದೆಯ ಮಾತಷ್ಟೇ ಅಲ್ಲ, ರಸ್ತೆ ನಿಯಮದಲ್ಲೇ ಇದೆ. ಪ್ರವಾಸಿಗರಿಗೆ ಗೊತ್ತಿರುವುದಿಲ್ಲ, ಜಗಳ ಆಡುವ ಬದಲು ನೀವೇ ಹಿಂದೆ ತೆಗೆಯಿರಿ. ರಿವರ್ಸ್‌ನಲ್ಲಿ ಚರಂಡಿಗೆ ಬೀಳುವುದು ಹೆಚ್ಚಾಗಿ ಅವರೇ, ಬಿದ್ದ ಮೇಲೆ ಎತ್ತುವುದೂ ನಾವೇ.

*ಮಂಜು.* ಹೈಬೀಮ್ ಹಾಕಿದರೆ ಬೆಳಕು ಮಂಜಿಗೆ ಬಡಿದು ನಿಮ್ಮ ಕಣ್ಣಿಗೇ ವಾಪಸ್ ಬರುತ್ತದೆ. ಲೋಬೀಮ್, ಫಾಗ್ ಲ್ಯಾಂಪ್, ರಸ್ತೆಯ ಎಡ ಅಂಚಿನ ಬಿಳಿ ಗೆರೆ, ಇಷ್ಟೇ ನಿಮ್ಮ ಆಧಾರ. ಓಡುವಾಗ ನಾಲ್ಕೂ ಇಂಡಿಕೇಟರ್ ಮಿನುಗಿಸಬೇಡಿ. ನೀವು ನಿಂತಿದ್ದೀರೋ ತಿರುಗುತ್ತೀರೋ ಹಿಂದಿನವನಿಗೆ ತಿಳಿಯುವುದಿಲ್ಲ. ಗಾಜು ಒಳಗಿನಿಂದ ಮಬ್ಬಾದರೆ ಕೈಯಲ್ಲಿ ಒರೆಸುತ್ತಾ ಕೂರುವುದು ಬೇಡ. ಎಸಿ ಹಾಕಿ, ಗಾಳಿಯನ್ನು ಗಾಜಿನ ಕಡೆ ತಿರುಗಿಸಿ, ಒಳಗಾಳಿಯನ್ನೇ ಸುತ್ತಿಸುವ ಬಟನ್ ಆಫ್ ಮಾಡಿ. ಒಂದು ನಿಮಿಷದಲ್ಲಿ ಗಾಜು ತಿಳಿಯಾಗುತ್ತದೆ.

*ಬರೆ.* ಹೊರಗಿನವರಿಗಾಗಿ ಹೇಳುತ್ತೇನೆ, ರಸ್ತೆ ಪಕ್ಕ ಕಡಿದು ನಿಲ್ಲಿಸಿದ ಗುಡ್ಡದ ಗೋಡೆಗೆ ನಾವು ಬರೆ ಎನ್ನುತ್ತೇವೆ. 2018ರ ಆಗಸ್ಟ್‌ನಲ್ಲಿ ಜೋಡುಪಾಲ, ಮದೆನಾಡು ಕಡೆ ಗುಡ್ಡವೇ ರಸ್ತೆಗೆ ಬಂದದ್ದನ್ನು ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ. ಜೋರು ಮಳೆಯಲ್ಲಿ ಈ ಸೂಚನೆಗಳು ಕಂಡರೆ ಮುಂದೆ ಹೋಗಬೇಡಿ: ರಸ್ತೆ ಮೇಲೆ ಹೊಸದಾಗಿ ಉದುರಿದ ಸಣ್ಣ ಕಲ್ಲು, ಬರೆಯಿಂದ ಕೆಮ್ಮಣ್ಣಿನ ನೀರು, ವಾಲಿದ ಮರ ಅಥವಾ ಕರೆಂಟು ಕಂಬ, ರಸ್ತೆಯ ಹೊರ ಅಂಚಿನಲ್ಲಿ ಉದ್ದ ಬಿರುಕು. ಮಳೆ ನಿಲ್ಲಲಿ ಎಂದು ಬರೆಯ ಬುಡದಲ್ಲಿ ಗಾಡಿ ನಿಲ್ಲಿಸಿ ಚಹಾ ಕುಡಿಯುವವರನ್ನು ಪ್ರತಿ ವರ್ಷ ನೋಡುತ್ತೇನೆ. ದಯವಿಟ್ಟು ಬಯಲು ಸಿಗುವವರೆಗೆ ಹೋಗಿ ನಿಲ್ಲಿಸಿ. ನಾಪೋಕ್ಲು–ಮೂರ್ನಾಡು ರಸ್ತೆಯ ಬೊಳಿಬಾಣೆಯಂಥ ಕಡೆ ಕಾವೇರಿ ನೀರು ಹತ್ತಿದ್ದರೆ ಆಳ ಅಳೆಯಲು ಹೋಗಬೇಡಿ, ಸುತ್ತಿ ಬನ್ನಿ. ಹೊರಡುವ ಮೊದಲು ಆ ಕಡೆಯ ಒಬ್ಬ ಡ್ರೈವರ್‌ಗೆ ಫೋನ್ ಮಾಡಿ. ಯಾವ ಮ್ಯಾಪಿಗಿಂತಲೂ ಅವನ ಮಾತು ತಾಜಾ. ರಸ್ತೆ ಬಂದ್ ಬಗ್ಗೆ ಜಿಲ್ಲಾ ವಿಪತ್ತು ಸಹಾಯವಾಣಿ 1077.

*ಆನೆ.* ತಿತಿಮತಿ, ಆನೆಚೌಕೂರು, ಮಾಕುಟ್ಟ, ಸಿದ್ದಾಪುರದ ತೋಟದ ರಸ್ತೆಗಳಲ್ಲಿ ಮುಸ್ಸಂಜೆಯಿಂದ ಬೆಳಗಿನವರೆಗೆ ಆನೆ ಇದ್ದೇ ಇದೆ ಎಂದುಕೊಂಡೇ ಓಡಿಸಿ. ಹಲಸು ಹಣ್ಣಾಗುವ ಕಾಲದಲ್ಲಿ, ಭತ್ತ ತೆನೆ ಕಟ್ಟುವಾಗ ಇನ್ನೂ ಹೆಚ್ಚು. ರಸ್ತೆಯಲ್ಲಿ ಬಿಸಿ ಲದ್ದಿ, ಮುರಿದ ಬೈನೆ ಮರ ಕಂಡರೆ ನಿಧಾನಿಸಿ. ಆನೆ ಕಂಡರೆ ದೂರದಲ್ಲೇ ನಿಲ್ಲಿ, ಹಾರನ್ ಬೇಡ, ಲೈಟು ಡಿಮ್ ಮಾಡಿ, ಎಂಜಿನ್ ಆಫ್ ಮಾಡಬೇಡಿ, ರಿವರ್ಸ್ ಗೇರಿಗೆ ಕೈ ಸಿದ್ಧವಿರಲಿ. ಹಿಂದಿನಿಂದ "ಅಣ್ಣ, ಸ್ವಲ್ಪ ಹತ್ರ ಹೋಗಿ, ವಿಡಿಯೋ ಮಾಡ್ಕೋತೀವಿ" ಎಂಬ ದನಿ ಬಂದೇ ಬರುತ್ತದೆ. ಗಾಜು ಲಾಕ್ ಮಾಡಿ. ಒಂದು ದಾಟಿತು ಎಂದು ಹೊರಡಬೇಡಿ, ಮರಿ ಹಿಂದೆ ಇರಬಹುದು. ಅರಣ್ಯ ಇಲಾಖೆಯ ಸಹಾಯವಾಣಿ 1926.

ಹಂತ 6: ಹಿಂದಿನ ಸೀಟಿನವರು

ವೇಗದ ಒತ್ತಡ ಬಂದಾಗ ವಾದ ಮಾಡಬೇಡಿ. "ಈ ತಿರುವಲ್ಲಿ ನಾನು ಇಷ್ಟೇ ಓಡ್ಸೋದು ಸಾರ್" ಎಂದು ಒಂದೇ ಸಲ, ನಗುತ್ತಾ ಹೇಳಿ, ಮತ್ತೆ ಆ ಮಾತು ಎತ್ತಬೇಡಿ. ಕಾರಣ ಕೊಟ್ಟರೆ ಅವರು ಉತ್ತರ ಕೊಡುತ್ತಾರೆ, ಉತ್ತರ ಕೇಳುತ್ತಾ ನೀವು ಕನ್ನಡಿ ನೋಡುತ್ತೀರಿ.

ವಾಂತಿ ಬರುವವರನ್ನು ಮುಂದಿನ ಸೀಟಿಗೆ ಕರೆಯಿರಿ, ಮೊಬೈಲ್ ಕೆಳಗಿಡಲು ಹೇಳಿ, ಕಿಟಕಿ ಸ್ವಲ್ಪ ಇಳಿಸಿ. ಮಾತ್ರೆ ನೀವು ಕೊಡಬೇಡಿ, ಔಷಧದ ಅಂಗಡಿ ಮುಂದೆ ನಿಲ್ಲಿಸಿದರೆ ಸಾಕು. ತಿರುವಿಗೆ ಮೊದಲೇ ಬ್ರೇಕ್ ಮುಗಿಸಿ, ತಿರುವಿನೊಳಗೆ ಸಮನಾಗಿ ಓಡಿಸಿದರೆ ಅರ್ಧ ವಾಂತಿ ತಪ್ಪುತ್ತದೆ. ಸೀಟು ತೊಳೆಯುವ ಖರ್ಚು ಯಾರದ್ದು ಎನ್ನುವುದಕ್ಕೆ ಈವರೆಗೆ ನನಗೆ ಉತ್ತರ ಸಿಕ್ಕಿಲ್ಲ, ನಾನೇ ತೊಳೆಯುತ್ತೇನೆ.

ಕುಡಿತ. ಕುಡಿದು ಬಂದವರು ಗಾಡಿಯೊಳಗೆ ಬಾಟಲಿ ತೆರೆಯಬಾರದು ಎಂದು ಹತ್ತುವಾಗಲೇ ಹೇಳಿ. ನಿಮಗೂ ಒತ್ತಾಯ ಬರುತ್ತದೆ. ನಮ್ಮ ಕಡೆ ಮದುವೆ ಬಾಡಿಗೆಗೆ ಹೋದರೆ ಮನೆಯವರು ಡ್ರೈವರ್‌ನನ್ನೂ ನೆಂಟರ ಹಾಗೇ ನೋಡುತ್ತಾರೆ, "ಒಂದೇ ಒಂದು, ಚಳಿಗೆ" ಎನ್ನುತ್ತಾರೆ. ಪ್ರೀತಿಯ ಮಾತಿಗೆ ಇಲ್ಲ ಎನ್ನುವುದು ಬೈಗುಳಕ್ಕೆ ಉತ್ತರ ಕೊಡುವುದಕ್ಕಿಂತ ಕಷ್ಟ. ನಾನು ಮಾಡುವುದು: ಹೋದ ಕೂಡಲೇ ಯಜಮಾನರ ಹತ್ತಿರ "ಊಟ ಕೊಡಿ, ಇನ್ನೇನೂ ಬೇಡ, ರಾತ್ರಿ ಗಾಡಿ ಇದೆ" ಎಂದು ಹೇಳಿಬಿಡುತ್ತೇನೆ. ಆಮೇಲೆ ಅವರೇ ಬೇರೆಯವರನ್ನು ತಡೆಯುತ್ತಾರೆ. 100 ಮಿ.ಲೀ. ರಕ್ತಕ್ಕೆ 30 ಮಿ.ಗ್ರಾಂ ದಾಟಿದರೆ ಅಪರಾಧ, ಮೊದಲ ಸಲವೇ 10,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಎರಡೂ ಆಗಬಹುದು. ರಾತ್ರಿ ಕುಡಿದದ್ದು ಬೆಳಿಗ್ಗೆ ಆರಕ್ಕೂ ಒಳಗೆ ಇರುತ್ತದೆ.

ಕಮಿಷನ್ ಬಗ್ಗೆ ಕೇಳುತ್ತೀರಿ. ಚಾಕೊಲೇಟು, ಜೇನು, ಕಾಫಿಪುಡಿ ಅಂಗಡಿಯಲ್ಲಿ ನಿಲ್ಲಿಸಿದರೆ ಡ್ರೈವರ್‌ಗೆ ಏನೋ ಸಿಗುತ್ತದೆ ಎಂಬುದು ಗುಟ್ಟೇನಲ್ಲ. ನಾನು ನನ್ನ ಮನೆಗೆ ಕೊಳ್ಳುವ ಅಂಗಡಿಗೆ ಮಾತ್ರ ಕರೆದೊಯ್ಯುತ್ತೇನೆ. ನೀವು ನಿಮ್ಮ ಲೆಕ್ಕ ಮಾಡಿಕೊಳ್ಳಿ.

ಹಂತ 7: ನಿದ್ದೆ ಮತ್ತು ಮೈ

ಪ್ರವಾಸಿಗರಿಗೆ ರಜೆ, ನಮಗೆ ಅದೇ ಡ್ಯೂಟಿ. ರಾತ್ರಿ ಬೆಂಗಳೂರಿನಿಂದ ಹೊರಟು ಬೆಳಿಗ್ಗೆ ಮುಟ್ಟಿ, ಅವರು ಹೋಮ್‌ಸ್ಟೇಯಲ್ಲಿ ಸ್ನಾನ ಮಾಡಿ ಬರುವಷ್ಟರಲ್ಲಿ ನಾವು ಗಾಡಿ ತೊಳೆದು ಸಿದ್ಧ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯಲ್ಲಿ ಬರೆದಿದ್ದ ಮಿತಿ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ, ಐದು ಗಂಟೆ ಕೆಲಸಕ್ಕೆ ಅರ್ಧ ಗಂಟೆ ಬಿಡುವು. ಸ್ವಂತ ಗಾಡಿ ಓಡಿಸುವವನಿಗೆ ಅದನ್ನು ಹೇಳುವ ಯಜಮಾನನಿಲ್ಲ, ನಾವೇ ಹೇಳಿಕೊಳ್ಳಬೇಕು. ನನ್ನ ನಿಯಮ: ರಾತ್ರಿ ಓಡಿಸಿದರೆ ಮರುದಿನ ಮಧ್ಯಾಹ್ನದವರೆಗೆ ಸೈಟ್‌ಸೀಯಿಂಗ್ ಇಲ್ಲ. ಬೇಕೆಂದರೆ ಸ್ಥಳೀಯ ಗಾಡಿ ಮಾಡಿಕೊಡುತ್ತೇನೆ.

ಮಲಗುವ ಜಾಗವನ್ನು ಫೋನಿನಲ್ಲೇ ಕೇಳಿ ಎಂದೆನಲ್ಲ, ಅದಕ್ಕೆ ಕಾರಣವಿದೆ. ಒಂದು ಡಿಸೆಂಬರ್‌ನಲ್ಲಿ, ಕಕ್ಕಬ್ಬೆ ಕಡೆಯ ಒಂದು ಹೋಮ್‌ಸ್ಟೇಯಲ್ಲಿ ಡ್ರೈವರ್‌ಗೆ ಜಾಗವಿಲ್ಲ ಎಂದರು. ಸೀಟು ಮಲಗಿಸಿ, ಟವೆಲು ಹೊದ್ದು ಮಲಗಿದೆ. ನಾಲ್ಕು ಗಂಟೆಗೆ ಎದ್ದಾಗ ನನ್ನ ಉಸಿರಿಗೇ ಗಾಜು ಬೆವತು ಹನಿ ಮಂಡಿ ಮೇಲೆ ಬೀಳುತ್ತಿತ್ತು. ಅದೇ ದಿನ ವಾಪಸ್ ಹೋಗುವಾಗ ಹುಣಸೂರು ದಾಟಿದ ಮೇಲೆ ಕಣ್ಣು ಮುಚ್ಚಿತು. ಎಡಚಕ್ರ ಮಣ್ಣಿಗಿಳಿದ ಸದ್ದಿಗೆ ಎಚ್ಚರವಾಯಿತು. ಹಿಂದೆ ಎರಡು ಮಕ್ಕಳು ಮಲಗಿದ್ದವು, ಅವಕ್ಕೆ ಗೊತ್ತೇ ಆಗಲಿಲ್ಲ.

ಗಾಡಿಯಲ್ಲೇ ಮಲಗಬೇಕಾಗಿ ಬಂದರೆ ಎರಡು ಗಾಜು ಬೆರಳಷ್ಟು ಇಳಿಸಿ. ಶೆಡ್ಡಿನೊಳಗೆ, ಗ್ಯಾರೇಜಿನೊಳಗೆ ಎಂಜಿನ್, ಎಸಿ ಹಾಕಿಕೊಂಡು ಎಂದೂ ಮಲಗಬೇಡಿ. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ನಿದ್ದೆಯಲ್ಲೇ ಪ್ರಾಣ ಹೋಗುತ್ತದೆ.

ನಿದ್ದೆ ಕಾಡುವ ಹೊತ್ತು ಎರಡು: ರಾತ್ರಿ 2ರಿಂದ 5, ಮಧ್ಯಾಹ್ನ ಊಟದ ಮೇಲೆ 2ರಿಂದ 4. ಪದೇ ಪದೇ ಆಕಳಿಕೆ, ಕಳೆದ ಎರಡು ಕಿಲೋಮೀಟರ್ ಹೇಗೆ ಬಂತೆಂದು ನೆನಪಾಗದಿರುವುದು, ಗೆರೆಯ ಮೇಲೆ ಚಕ್ರ ಹೋಗುವುದು, ಇವು ಬಂದರೆ ಹಾಡು ಜೋರು ಮಾಡುವುದರಿಂದ ಉಪಯೋಗವಿಲ್ಲ. ಒಂದು ಕಾಫಿ ಕುಡಿದು ತಕ್ಷಣ 20 ನಿಮಿಷ ಮಲಗಿ. ಕಾಫಿ ಏರಲು ಅಷ್ಟು ಹೊತ್ತು ಬೇಕು, ಏಳುವಾಗ ಎರಡೂ ಒಟ್ಟಿಗೆ ಕೆಲಸ ಮಾಡುತ್ತವೆ. ಕಾಫಿ ಬೆಳೆಯುವ ಊರಿನವರಿಗೆ ಇದನ್ನು ನಾನು ಹೇಳಿಕೊಡಬೇಕಾಗಿದೆ ನೋಡಿ!

ಮಿಕ್ಕದ್ದು ಚಿಕ್ಕ ಮಾತು. ಹಿಂದಿನ ಜೇಬಿನಿಂದ ಪರ್ಸು ತೆಗೆಯಿರಿ, ಸೊಂಟ ಉಳಿಯುತ್ತದೆ. ಮೂತ್ರ ತಡೆಹಿಡಿಯಬೇಡಿ, ಅದಕ್ಕೆ ಹೆದರಿ ನೀರು ಕುಡಿಯದೆಯೂ ಇರಬೇಡಿ. ವರ್ಷಕ್ಕೊಮ್ಮೆ ಕಣ್ಣು, ಸಕ್ಕರೆ, ಬಿಪಿ ನೋಡಿಸಿ.

ಹಂತ 8: ಅಪಘಾತವಾದರೆ

ಕ್ರಮ ನೆನಪಿಡಿ. ಗಾಡಿ ನಿಲ್ಲಿಸಿ, ತ್ರಿಕೋನ ಇಡಿ, ಗಾಯಗೊಂಡವರಿಗೆ 108, ಪೊಲೀಸರಿಗೆ 112. ಗಾಯಾಳುವಿಗೆ ಚಿಕಿತ್ಸೆ ಕೊಡಿಸುವುದು, 24 ಗಂಟೆಯೊಳಗೆ ಠಾಣೆಗೆ ತಿಳಿಸುವುದು ಚಾಲಕನ ಕರ್ತವ್ಯ ಎಂದು ಕಾನೂನೇ ಹೇಳುತ್ತದೆ. ಜನ ಹೊಡೆಯಲು ಬಂದರೆ ಅಲ್ಲಿಂದ ಹೊರಟು ನೇರ ಠಾಣೆಗೆ ಹೋಗಿ. ಓಡಿಹೋಗಿ ಅಡಗಿದರೆ ಮಾತ್ರ ಚಿಕ್ಕ ಕೇಸು ದೊಡ್ಡದಾಗುತ್ತದೆ. ನಾಲ್ಕು ದಿಕ್ಕಿನಿಂದ ಫೋಟೋ ತೆಗೆಯಿರಿ, ಗಾಡಿ ಎಳೆಸುವ ಮೊದಲೇ ವಿಮಾ ಕಂಪನಿಗೆ ಫೋನ್ ಮಾಡಿ.

ರಸ್ತೆ ಅಪಘಾತದ ಗಾಯಾಳುಗಳಿಗೆ ನಿಗದಿತ ಆಸ್ಪತ್ರೆಗಳಲ್ಲಿ 7 ದಿನ, 1.5 ಲಕ್ಷ ರೂಪಾಯಿವರೆಗೆ ನಗದುರಹಿತ ಚಿಕಿತ್ಸೆ ಕೊಡುವ ಕೇಂದ್ರ ಯೋಜನೆ 2025ರಲ್ಲಿ ಬಂದಿದೆ. ಆಸ್ಪತ್ರೆಯಲ್ಲಿ ಬಾಯಿಬಿಟ್ಟು ಕೇಳಿ.

ಎಚ್ಚರಿಕೆ: ಜಾಗದಲ್ಲೇ "ಐದು ಸಾವಿರಕ್ಕೆ ಮುಗಿಸೋಣ" ಎಂಬ ರಾಜಿಗೆ, ಯಾರಿಗಾದರೂ ಪೆಟ್ಟಾಗಿದ್ದರೆ, ಒಪ್ಪಬೇಡಿ. ತಲೆಗೆ ಬಿದ್ದ ಪೆಟ್ಟು ಮರುದಿನ ಗೊತ್ತಾಗುತ್ತದೆ.

ಹಂತ 9: ನಿಮ್ಮ ಹೆಸರು ನೋಂದಾಯಿಸಿ

ಗಾಡಿಗೆ ವಿಮೆ ಮಾಡಿಸುತ್ತೇವೆ, ನಮಗೆ ಮಾಡಿಸುವುದಿಲ್ಲ. ಬ್ಯಾಂಕಿನಲ್ಲಿ ವರ್ಷಕ್ಕೆ 20 ರೂಪಾಯಿಯ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆ ಇದೆ, ಅಪಘಾತದ ಸಾವಿಗೆ 2 ಲಕ್ಷ. ಖಾತೆಯಲ್ಲಿ ಮೇ ಕೊನೆಯಲ್ಲಿ 20 ರೂಪಾಯಿ ಇರುವಂತೆ ನೋಡಿಕೊಳ್ಳಿ, ಇಲ್ಲದಿದ್ದರೆ ಪಾಲಿಸಿ ನಿಲ್ಲುತ್ತದೆ. ರಾಜ್ಯದಲ್ಲಿ ಮೋಟಾರು ಸಾರಿಗೆ ಕಾರ್ಮಿಕರ ಸಾಮಾಜಿಕ ಭದ್ರತೆ ಮತ್ತು ಕಲ್ಯಾಣಕ್ಕೆ 2024ರಲ್ಲಿ ಕಾಯ್ದೆಯೇ ಆಗಿದೆ, ಮಂಡಳಿಯೂ ಇದೆ. ಚಾಲಕರ ಜೊತೆಗೆ ಕ್ಲೀನರ್, ಮೆಕ್ಯಾನಿಕ್, ಪಂಕ್ಚರ್ ಹಾಕುವವರೂ ಅದರೊಳಗೆ ಬರುತ್ತಾರೆ. ನೋಂದಣಿ ಕಾರ್ಮಿಕ ಇಲಾಖೆಯಲ್ಲಿ.

ಲೈಸೆನ್ಸ್, ಆಧಾರ್, ಫೋಟೋ, ಬ್ಯಾಂಕ್ ಪಾಸ್‌ಬುಕ್ ಹಿಡಿದುಕೊಂಡು ಮಳೆಗಾಲದಲ್ಲಿ ಬಾಡಿಗೆ ಇಲ್ಲದ ಒಂದು ಬೆಳಿಗ್ಗೆ ಮಡಿಕೇರಿಗೆ ಹೋಗಿ ವಿಚಾರಿಸಿ. ಶುಕ್ರವಾರ ಮಾತ್ರ ಬೇಡ. ಸಂತೆ ದಿನ, ಗಾಡಿ ನಿಲ್ಲಿಸಲು ಜಾಗ ಸಿಗುವುದಿಲ್ಲ.